ಹುಲಿಗೆಮ್ಮನ ಕೈ ಮುಟ್ಟುವಷ್ಟು ಗೋಡೆ

ಪೇಂಟರುಗಳ ಅಂಗಿಗೆ ಬಣ್ಣ ಸಿಡಿದಿರುವುದು ಎಲ್ಲ ಕಡೆಯೂ ಇದ್ದದ್ದೇ. ಕೊಟ್ಟೂರಿನ ಪೇಂಟರ್ ಕೊಟ್ರಪ್ಪನಿಗೆ ಮಾತ್ರ ಬಣ್ಣವೆಲ್ಲ ಪ್ಯಾಂಟಿನ ಹಿಂಭಾಗದಲ್ಲಿ. ನೀಲಿ, ಹಳದಿ, ಹಸಿರು ಒಂದರ ಮೇಲೊಂದು ಒಣಗಿ ಅಲ್ಲಿ ಬಟ್ಟೆ ರಟ್ಟಿನಂತಾಗಿತ್ತು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕೂರುತ್ತಿರಲಿಲ್ಲ, ಯಾರ ಸೀರೆಗಾದರೂ ಹತ್ತೀತು ಎಂದು ಕಂಬಿ ಹಿಡಿದು ನಿಂತೇ ಬರುತ್ತಿದ್ದ. ದಿನವಿಡೀ ನೆಲಕ್ಕೆ ಕೂತು ದುಡಿಯುವವನು ಬಸ್ಸಿನಲ್ಲಿ ನಿಂತು ದಣಿವಾರಿಸಿಕೊಳ್ಳುತ್ತಾನೆ ಎಂದು ನಮ್ಮ ಶಾಲೆಯವರು ನಗುತ್ತಿದ್ದರು.

ಮೊದಲು ಅವನು ಹೀಗಿರಲಿಲ್ಲ. ಕೂಡ್ಲಿಗಿಯಿಂದ ಹಡಗಲಿಯವರೆಗೆ ರಸ್ತೆ ಬದಿಯ ಗೋಡೆಗಳ ಮೇಲೆ ಬಿತ್ತನೆ ಬೀಜದ, ಸಿಮೆಂಟಿನ ಜಾಹೀರಾತುಗಳನ್ನು ಏಣಿ ಹತ್ತಿ ಬರೆದ ಕೈ ಅದು. ನೆಲಕ್ಕೆ ಕೂತದ್ದು ನಮ್ಮ ಶಾಲೆಗೆ ಬಂದ ಮೇಲೆ, ಅದೂ ಒಂಬತ್ತು ವರ್ಷದ ಒಂದು ಹುಡುಗಿಗಾಗಿ.

ಎರಡು ಸಾವಿರದ ಇಸವಿಯ ಆಸುಪಾಸು. ತಂಬ್ರಹಳ್ಳಿಯ ಆಚೆಗಿನ ಒಂದು ಸಣ್ಣ ಹಳ್ಳಿಯ ಶಾಲೆಯಲ್ಲಿ ನಾನು ಪ್ರಭಾರ ಮುಖ್ಯೋಪಾಧ್ಯಾಯಿನಿ. ಇಬ್ಬರು ಶಿಕ್ಷಕರು, ಏಳು ತರಗತಿ. ಜನಗಣತಿ ನಮ್ಮದೇ, ಚುನಾವಣೆ ನಮ್ಮದೇ, ಪೋಲಿಯೋ ಹನಿಯೂ ನಮ್ಮದೇ. ಅದರ ಮೇಲೆ ಒಂದು ಸಂಸ್ಥೆಯವರು ಹೊಸ ಕೆಲಸ ತಂದರು. ಊರಿನಲ್ಲಿ ಅಂಗವಿಕಲ ಮಕ್ಕಳೆಂದು ಮನೆಯಲ್ಲೇ ಉಳಿದವರನ್ನು ಕರೆತಂದು, ಉಳಿದ ಮಕ್ಕಳ ಜೊತೆ ಕೂಡಿಸಿ ಶಾಲೆಯ ಗೋಡೆಗೆ ಚಿತ್ರ ಬರೆಸಬೇಕು, ಆ ನೆಪದಲ್ಲಿ ಅವರು ಶಾಲೆಗೆ ಸೇರಬೇಕು. ಬರೆಸುವ ಕೆಲಸಕ್ಕೆ ಕೊಟ್ರಪ್ಪನನ್ನು ಸಂಸ್ಥೆಯವರೇ ಗೊತ್ತುಮಾಡಿದ್ದರು. ಚಿತ್ರ ಬರೆದರೆ ಕಾಲು ಬರುತ್ತವೆಯೇ ಎಂದು ನಾನು ಒಳಗೊಳಗೇ ಗೊಣಗಿದ್ದೆ. ಆದರೂ ಮನೆ ಮನೆ ತಿರುಗಿದೆ. ಸಿಕ್ಕದ್ದು ಹುಲಿಗೆಮ್ಮ ಒಬ್ಬಳೇ. ಎರಡೂ ಕಾಲು ಪೋಲಿಯೋಗೆ ಹೋಗಿದ್ದವು. ಕೈಗೆ ಹವಾಯಿ ಚಪ್ಪಲಿ ತೊಟ್ಟು ತೆವಳುತ್ತಿದ್ದಳು. ತಂದೆ ತಾಯಿ ಇಲ್ಲದ ಅವಳನ್ನು ಅಜ್ಜಿ ಯಲ್ಲಮ್ಮ ಸಾಕುತ್ತಿದ್ದಳು. ಯಲ್ಲಮ್ಮ ಕೂಲಿ ಹೆಂಗಸು. ಎಷ್ಟೋ ಹೇಳಿದ ಮೇಲೆ ಒಂದು ಮಾತಿಗೆ ಬಂದಳು. "ಚಿತ್ರ ಮುಗಿಯೋತನಕ ಕಳಸ್ತೀನ್ರಿ. ಮುಂದ ಕೇಳಬ್ಯಾಡ್ರಿ."

ಮೊದಲ ದಿನ ಮಕ್ಕಳೆಲ್ಲ ಪಡಸಾಲೆಯ ಗೋಡೆಗೆ ಮುಗಿಬಿದ್ದರು. ಅವರ ಕಾಲ ಸಂದಿಯಲ್ಲಿ ಹುಲಿಗೆಮ್ಮ ಕೂತಿದ್ದಳು. ಮೇಲಿನಿಂದ ತೊಟ್ಟಿಕ್ಕಿದ ಬಣ್ಣ ಅವಳ ತಲೆ ತುಂಬ ಬಿದ್ದಿತ್ತು. ಕೊಟ್ರಪ್ಪ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಎಲ್ಲರ ಬ್ರಷ್ ಕಿತ್ತುಕೊಂಡು ಹುಲಿಗೆಮ್ಮನ ಕೈಗೆ ಇದ್ದಿಲ ತುಂಡು ಕೊಟ್ಟು, ಎಷ್ಟು ಮೇಲೆ ಮುಟ್ಟುತ್ತದೋ ಅಲ್ಲೊಂದು ಗೆರೆ ಎಳೆ ಎಂದ. ಅವಳು ಎಳೆದಳು. ನೀಲಿಯಲ್ಲಿ ಅದ್ದಿದ ದಾರವನ್ನು ಆ ಮಟ್ಟಕ್ಕೆ ಗೋಡೆಯ ಈ ತುದಿಯಿಂದ ಆ ತುದಿಗೆ ಬಿಗಿಹಿಡಿದು ಫಟ್ಟನೆ ಹೊಡೆದ.

"ಇನ್ನ ಎಲ್ರೂ ಕುಂದುರ್ರಿ. ಈಕಿ ಕೈ ಮುಟ್ಟಿದಲ್ಲಿಗೆ ಚಿತ್ರ ಮುಗೀತು. ಎದ್ದು ನಿಂತು ಬರ್ಯೋರು ನಮ್ಮ ಕೂಡ ಬರೀಬ್ಯಾಡ್ರಿ" ಎಂದು ತಾನೂ ಚಕ್ಕಳಮಕ್ಕಳ ಹಾಕಿ ಕೂತ.

ನನಗೆ ಸಿಟ್ಟು ಬಂತು. ಸಂಸ್ಥೆಯವರು ಫೋಟೋ ತೆಗೆಯಲು ಬಂದಾಗ ಅಷ್ಟೆತ್ತರದ ಗೋಡೆ ಬೋಳಾಗಿ ಕಂಡರೆ ಹೇಗೆ ಎಂದು ಕೇಳಿದೆ. ಅವನು ತಲೆ ಎತ್ತಲೂ ಇಲ್ಲ. "ಮ್ಯಾಲಿನದು ಬೋಳ ಇರ್ಲಿ ಬಿಡ್ರಿ ಮೇಡಮ್ಮರ. ಮ್ಯಾಲ ಬರ್ಯಾಕ ನನ್ನಂಥೋರು ಬೇಕಾದಷ್ಟು ಮಂದಿ ಅದೀವಿ."

ಹುಲಿಗೆಮ್ಮ ಬರೆದದ್ದೆಲ್ಲ ಬರೀ ಪಾದಗಳು. ಅಜ್ಜಿಯ ಬಿರುಕು ಬಿಟ್ಟ ಹಿಮ್ಮಡಿ, ನನ್ನ ಚಪ್ಪಲಿ, ಕುರಿಗಳ ಗೊರಸು. ಅವಳ ಕಣ್ಣಿಗೆ ಮಟ್ಟವಾಗಿ ಕಾಣುತ್ತಿದ್ದುದು ಅವೇ. ಉಳಿದ ಮಕ್ಕಳು ಅವಳ ಮುಂದೆ ಕಾಲು ಚಾಚಿ, ನನ್ನದು ಬರಿ, ನನ್ನದು ಬರಿ ಎಂದು ಸಾಲುಗಟ್ಟಿದರು. ನಿನ್ನ ಕಾಲು ಎಲ್ಲಿ ಎಂದು ಯಾರೋ ಕೇಳಿದ್ದಕ್ಕೆ, ಹವಾಯಿ ಚಪ್ಪಲಿ ತೊಟ್ಟ ಎರಡು ಅಂಗೈ ಬರೆದಳು.

ಹತ್ತು ದಿನದ ಕೆಲಸ ಅದು. ಕೊಟ್ರಪ್ಪ ಐದು ತಿಂಗಳು ಎಳೆದ. ಶನಿವಾರ ಬಂದು ಅಂಗೈಯಗಲ ಬರೆಸುತ್ತಿದ್ದ. ಮುಂದಿನ ವಾರ ಬಣ್ಣ ಒಡೆದಿದೆ ಎಂದು ಅದನ್ನೇ ಉಜ್ಜಿ ಮತ್ತೆ ಬರೆಸುತ್ತಿದ್ದ. ಮೂಲೆಯಲ್ಲಿ ಒಂದು ಗೇಣು ಜಾಗವನ್ನಂತೂ ಮುಟ್ಟಲೇ ಬಿಡಲಿಲ್ಲ. ಇವನದು ಸೋಮಾರಿತನ ಎಂದೇ ತಿಳಿದು ಒಮ್ಮೆ ರೇಗಿದೆ. ಆಗ ಗುಟ್ಟಾಗಿ ಹೇಳಿದ. "ಮುಗಿಸಿದ್ರ ಆ ಮುದುಕಿ ಕಳಸಂಗಿಲ್ರಿ. ಖಾಲಿ ಗೇಣು ಇರೋತನಕ ಹುಡುಗಿ ಸಾಲಿಗೆ ಬರ್ತಾಳ."

ಅಷ್ಟರಲ್ಲಿ ಹುಲಿಗೆಮ್ಮನ ಹೆಸರು ಹಾಜರಿ ಪುಸ್ತಕಕ್ಕೆ ಏರಿತ್ತು. ಮೂರನೇ ತರಗತಿಯಲ್ಲಿ ಕೂತು ಕಾಗುಣಿತ ತಿದ್ದುತ್ತಿದ್ದಳು.

ಆ ವರ್ಷ ದಸರಾ ರಜೆಗೆ ಮುಂಚೆ ಸಾಹೇಬರು ತಪಾಸಣೆಗೆ ಬರುತ್ತಾರೆ ಎಂದು ಸುದ್ದಿ ಬಂತು. ನನಗೆ ಎರಡು ದಿನದಿಂದ ಜ್ವರ. ಸುಣ್ಣ ಬಳಿಯಲು ಬಂದ ಹೆಂಗಸರು ಹೇಗೆ ಬಳಿಯಬೇಕೆಂದು ಕೇಳಿದರು. ದಾಖಲೆಗಳಿಂದ ಕಣ್ಣೆತ್ತದೆ, "ವರ್ಷಾ ಹೆಂಗ ಹಚ್ಚತೀರೋ ಹಂಗ" ಅಂದೆ. ನಮ್ಮ ಕಡೆ ವರ್ಷ ವರ್ಷ ಹಚ್ಚುವುದು ಹೇಗೆಂದು ಗೊತ್ತಿಲ್ಲದವರಿಲ್ಲ. ಮೇಲೆ ಸುಣ್ಣ, ಕೆಳಗೆ ಸೊಂಟದ ಮಟ್ಟಕ್ಕೆ ಕೆಮ್ಮಣ್ಣು. ಸಂಜೆ ಹೊರಗೆ ಬಂದು ನೋಡಿದರೆ ಪಡಸಾಲೆಯ ಗೋಡೆ ಹೊಸ ಮದುವೆ ಮನೆಯಂತೆ ನಿಂತಿತ್ತು. ನೀಲಿ ಗೆರೆಯ ಕೆಳಗಿದ್ದುದೆಲ್ಲ ಅಚ್ಚ ಕೆಂಪು. ಆ ಒಂದು ಗೇಣು ಜಾಗವೂ ಕೆಂಪು. ಕೆಮ್ಮಣ್ಣಿನ ಬಟ್ಟೆ ಹಿಂಡುತ್ತ ನಿಂತವಳು ಯಲ್ಲಮ್ಮ.

ಮೊಮ್ಮಗಳ ಚಿತ್ರವನ್ನೇ ಯಾಕೆ ಅಳಿಸಿದೆ ಎಂದು ಕೇಳಿದೆ. ಅವಳಿಗೆ ನನ್ನ ಗಾಬರಿಯೇ ಅರ್ಥವಾಗಲಿಲ್ಲ. "ನೀವ ಹಚ್ಚು ಅಂದ್ರಿ. ಚಿತ್ರ ಮುಗದೈತಿ ಅಂತ ತಿಳಕೊಂಡೆ" ಎಂದಳು. ಮರುದಿನದಿಂದ ಹುಲಿಗೆಮ್ಮ ಬರಲಿಲ್ಲ. ಮುದುಕಿ ಕೊಟ್ಟ ಮಾತಿನಂತೆಯೇ ನಡೆದುಕೊಂಡಿದ್ದಳು.

ಶನಿವಾರ ಕೊಟ್ರಪ್ಪ ಬಂದ. ಗೋಡೆ ನೋಡಿ ಬಣ್ಣದ ಡಬ್ಬಿ ಕೆಳಗಿಟ್ಟ. ನಡೆದದ್ದನ್ನು ನಾನೇ ಹೇಳಿದೆ. ಬೈದಿದ್ದರೆ ಹಗುರಾಗುತ್ತಿತ್ತು, ಅವನು ಬೈಯಲಿಲ್ಲ. ಇಬ್ಬರೂ ಯಲ್ಲಮ್ಮನ ಮನೆಗೆ ಹೋದೆವು. ಇನ್ನೂ ಮುಗಿದಿಲ್ಲಮ್ಮ, ಮತ್ತೆ ಬರೆಯುವುದಿದೆ ಎಂದು ಅವನು ಅಂಗಲಾಚಿದ. ಅವಳು ಹೊಸ್ತಿಲಲ್ಲಿ ಕೂತು ಹೇಳಿದಳು. "ಎಷ್ಟು ವರ್ಷ ಬರೀತೀಯಪ್ಪಾ? ದಿನಾ ಆಕೀನ ಹೊತ್ತು ಹೊತ್ತು ನನ್ನ ಸೊಂಟ ಮುಗೀತು." ಒಳಗೆ ಹುಲಿಗೆಮ್ಮ ಕೇಳಿಸಿಕೊಳ್ಳುತ್ತಿದ್ದಳು.

ಬಸ್ಸಿಗೆ ಕಾಯುವಾಗ ನಾನು ಕೊಟ್ರಪ್ಪನಿಗೆ ಮಾತು ಕೊಟ್ಟೆ. ದೊಡ್ಡ ಹುಡುಗಿಯರನ್ನು ಕಳಿಸಿ ಎತ್ತಿಸಿಕೊಂಡು ಬರುತ್ತೇನೆ, ಅವಳನ್ನು ಶಾಲೆ ಬಿಡಲು ಬಿಡುವುದಿಲ್ಲ ಎಂದೆ. ಎರಡು ಸಲ ಕಳಿಸಿದೆ, ಯಲ್ಲಮ್ಮ ವಾಪಸು ಅಟ್ಟಿದಳು. ಮೂರನೆಯ ಸಲ ಕಳಿಸಬೇಕಿತ್ತು. ನಾನು ದಣಿದಿದ್ದೆ. ಅಷ್ಟರಲ್ಲಿ ಹರಪನಹಳ್ಳಿ ತಾಲ್ಲೂಕಿಗೆ ವರ್ಗವಾಯಿತು. ನಿಜ ಹೇಳಬೇಕೆಂದರೆ, ಆದೇಶ ಕೈಗೆ ಬಂದಾಗ ಸಮಾಧಾನವೇ ಆಗಿತ್ತು.

ಮುಂದಿನ ವರ್ಷ ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ಕೊಟ್ರಪ್ಪ ಸಿಕ್ಕ. ಹುಲಿಗೆಮ್ಮನ ಸುದ್ದಿಯನ್ನೇ ಮೊದಲು ಕೇಳಿದ. ನಾಲ್ಕನೇ ಕ್ಲಾಸಂತೆ ಎಂದುಬಿಟ್ಟೆ. ಅವನ ಮುಖ ಅರಳಿತು. ಒಮ್ಮೆ ಹೇಳಿದ ಮೇಲೆ ಹಿಂದೆ ಬರುವ ದಾರಿ ಇರಲಿಲ್ಲ. ವರ್ಷಕ್ಕೊಮ್ಮೆ ಸಿಗುತ್ತಿದ್ದ, ವರ್ಷಕ್ಕೊಂದು ಕ್ಲಾಸು ಪಾಸು ಮಾಡಿಸುತ್ತ ಹೋದೆ. ಆ ಊರಿನಲ್ಲಿ ಹೈಸ್ಕೂಲು ಇರಲಿಲ್ಲ. ಏಳಕ್ಕೆ ಬಂದು ನನ್ನ ಸುಳ್ಳೂ ನಿಂತಿತು.

ಆ ಹೊತ್ತಿಗೆ ಎಲ್ಲೆಲ್ಲೂ ಫ್ಲೆಕ್ಸ್ ಬಂದು ಅವನ ಕೈಕೆಲಸ ಹೋಗಿತ್ತು. ಕಾಯಿಲೆ ಬಿದ್ದಿದ್ದಾನೆಂದು ಕೇಳಿ ಮನೆಗೆ ಹೋದೆ. ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದ. ಎರಡು ಮಾತಿಗೆ ಉಸಿರು ಕಟ್ಟುತ್ತಿತ್ತು. ಹುಲಿಗೆಮ್ಮ ಈಗ ಎಷ್ಟನೇ ಕ್ಲಾಸು ಎಂದ. ಏಳು ಎಂದೆ.

"ಹ್ವಾದ ವರ್ಷನೂ ಏಳು ಅಂದಿದ್ರಿ" ಎಂದು ನಕ್ಕ. "ನಪಾಸಾದಳೇನ್ರಿ?"

ನಾನು ತಲೆ ತಗ್ಗಿಸಿದೆ.

"ಮೊದಲನೇ ವರ್ಷನ ನನಗ ಗೊತ್ತಾಗಿತ್ರಿ. ಯಲ್ಲಮ್ಮ ಸಂತ್ಯಾಗ ಸಿಕ್ಕಿದ್ಲು, ಹುಡುಗಿ ಮನ್ಯಾಗ ಅದಾಳ ಅಂದ್ಲು. ನೀವು ಹೇಳೋ ಮುಂದ ಆಕಿ ಸಾಲಿಗೆ ಹೊಂಟಂಗ ಅನಸ್ತಿತ್ತು, ಅದಕ್ಕ ಕೇಳ್ತಿದ್ದೆ." ಸ್ವಲ್ಪ ಹೊತ್ತು ಉಸಿರೆಳೆದುಕೊಂಡು ಹೇಳಿದ. "ಅಲ್ಲಿಗೇ ನಿಲ್ಲಿಸಬ್ಯಾಡ್ರಿ ಮೇಡಮ್ಮರ. ಎಂಟಕ್ಕ ಹಾಕ್ರಿ."

ಹಾಕುತ್ತೇನೆ ಎಂದೆ. ಅದೇ ಕಡೆಯ ಭೇಟಿ. ಮಳೆಗಾಲಕ್ಕೆ ಮುಂಚೆ ಕೊಟ್ರಪ್ಪ ಹೋದ. ಈಗ ನನ್ನನ್ನು ಕೇಳುವವರು ಯಾರೂ ಇಲ್ಲ. ಹುಲಿಗೆಮ್ಮ ಎಂಟನೇ ಕ್ಲಾಸಿನಲ್ಲೇ ಇದ್ದಾಳೆ.