ಗಂಟಿನ ಮಾಲೀಕ

ಹೋದ ವಾರ ಶಿಗ್ಗಾವಿಯ ಬಸ್ ನಿಲ್ದಾಣದ ಎದುರಿನ ರಿಪೇರಿ ಅಂಗಡಿಯಲ್ಲಿ ನನ್ನ ಫೋನನ್ನು ಬಿಚ್ಚಿ ಹಾಸಿದ್ದರು. ಅದರ ಕರುಳು ನೋಡಲು ಮನಸ್ಸಾಗದೆ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದೆ. ಅಷ್ಟರಲ್ಲಿ ಮೂಗಿಗೆ ಬಂತು, ರಾಳದ ಹೊಗೆ. ಬೆಸುಗೆ ಹಾಕುವಾಗ ಏಳುವ, ಗುಡಿಯ ಧೂಪಕ್ಕೂ ಸುಟ್ಟ ಕೂದಲಿಗೂ ನಡುವಿನ ಆ ವಾಸನೆ. ನಿಂತಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದೆ, ಒಳಗೆ ಹೋದೆ, ಮತ್ತೆ ಹೊರಗೆ ಬಂದೆ.

"ಕುಂದರ್ರಿ ಅಜ್ಜಾರ, ಯಾಕ ಚಡಪಡಸ್ತೀರಿ? ಫೋನೇನ ಸತ್ತಿಲ್ಲ," ಎಂದ ಅಂಗಡಿಯವ.

ಸತ್ತವನು ಬೇರೊಬ್ಬ ಎಂದು ಅವನಿಗೆ ಹೇಗೆ ಹೇಳುವುದು...

ನಾವು ಅವನನ್ನು ರೇಡಿಯೋ ಮಿಸ್ತ್ರಿ ಎನ್ನುತ್ತಿದ್ದೆವು. ಎಪ್ಪತ್ತರ ದಶಕದಲ್ಲಿ ನಾನು ಸವಣೂರಿನ ಹೈಸ್ಕೂಲಿಗೆ ಕನ್ನಡ ಮಾಸ್ತರನಾಗಿ ಸೇರಿದಾಗ ಅವನ ಅಂಗಡಿ ನಮ್ಮ ಓಣಿಯ ಬಾಯಲ್ಲೇ ಇತ್ತು. ಅಂಗಡಿ ಎಂದರೆ ಒಬ್ಬ ಮನುಷ್ಯ ಕೈಚಾಚಿದರೆ ಎರಡೂ ಗೋಡೆ ಸಿಗುವಷ್ಟು. ಉಳಿದ ಜಾಗವೆಲ್ಲ ಬಿಚ್ಚಿದ ರೇಡಿಯೋಗಳದ್ದು. ಅವನು ಕೂತದ್ದನ್ನು ಯಾರೂ ಕಂಡಿರಲಿಲ್ಲ. ನಿಂತೇ ಬೆಸುಗೆ ಹಾಕುತ್ತಿದ್ದ, ನಿಂತೇ ಚಹಾ ಕುಡಿಯುತ್ತಿದ್ದ, ನಿಂತಾಗಲೂ ಒಂದು ಕಾಲು ಕುಣಿಯುತ್ತಲೇ ಇರುತ್ತಿತ್ತು. ಬ್ಯಾಟರಿಯಲ್ಲಿ ಜೀವವಿದೆಯೇ ಎಂದು ನಾಲಿಗೆಗೆ ಹಚ್ಚಿ ನೋಡುವನು. "ಉಪ್ಪೈತಿ" ಎಂದರೆ ಇದೆ, "ಸಪ್ಪಗೈತಿ" ಎಂದರೆ ಎಸೆಯಬೇಕು. ಈ ತೀರ್ಪಿನ ವಿರುದ್ಧ ಯಾರೂ ಮೇಲ್ಮನವಿ ಸಲ್ಲಿಸಿದ್ದು ನನಗೆ ಗೊತ್ತಿಲ್ಲ.

ರಿಪೇರಿಯಾದ ರೇಡಿಯೋವನ್ನು ಅವನು ಲಗೂನ ವಾಪಸು ಕೊಡುತ್ತಿರಲಿಲ್ಲ. ಮುಳ್ಳು ತಿರುಗಿಸುತ್ತ, ತಿರುಗಿಸುತ್ತ ಎಲ್ಲಿಯದೋ ಭಾಷೆ, ಎಲ್ಲಿಯದೋ ಹಾಡು ಹಿಡಿಯುವನು. ಶಾಲೆಗೆ ಹೊರಟ ನನ್ನನ್ನು ತಡೆದು, "ಮಾಸ್ತರ, ಇದ ಯಾವ ದೇಶದ ಅಳು, ಒಂಚೂರು ಕೇಳ್ರಿ," ಎನ್ನುವನು. ಆಗ ಊರೊಳಗೆ ಸರಕು ತರುವ ಗಾಡಿಗಳು ನಾಕಾದಲ್ಲಿ ನಿಂತು ಸುಂಕ ಕಟ್ಟಬೇಕಾಗಿತ್ತು. ಅವನ ವೇದಾಂತವೆಲ್ಲ ಆ ನಾಕಾದ ಮೇಲೇ ನಿಂತಿತ್ತು. "ಗಾಳಿಗೆ ನಾಕಾ ಇಲ್ಲರಿ ಮಾಸ್ತರ. ಯಾರೂ ಕಟ್ಟಾಕ ಆಗೂದುಲ್ಲ."

ಎಂಬತ್ತರ ದಶಕದಲ್ಲಿ ಟೀವಿ ಬಂತು. ಬಂತು ಎಂದರೆ ಪೆಟ್ಟಿಗೆ ಬಂತು, ಚಿತ್ರ ಬರಲಿಲ್ಲ. ಜೋಳದ ಹಿಟ್ಟು ಜರಡಿ ಹಿಡಿದಂತೆ ಬಿಳಿ ಪುಡಿ ಉದುರುವುದನ್ನು ಪ್ರತಿಷ್ಠಿತರು ತಮ್ಮ ತಮ್ಮ ಮನೆಗಳಲ್ಲಿ ಗಂಭೀರವಾಗಿ ಕೂತು ನೋಡುತ್ತಿದ್ದರು. ಮಿಸ್ತ್ರಿಗೆ ಇದನ್ನು ಸಹಿಸಲಾಗಲಿಲ್ಲ. ತನ್ನ ಮಾಳಿಗೆಯ ಮೇಲೆ ಊರಿಗೇ ಎತ್ತರವಾದ ಕಂಬ ನಿಲ್ಲಿಸಿ ಚಿತ್ರ ಹಿಡಿದ. ಕೆಳಗೆ ಸಿನಿಮಾ ಕ್ಯಾಸೆಟ್ ಹಚ್ಚುವ ಒಂದು ಯಂತ್ರ ಇಟ್ಟ. ಅಲ್ಲಿಂದ ಓಣಿಯ ಇಪ್ಪತ್ತಮೂರು ಮನೆಗಳಿಗೆ ತಂತಿ ಎಳೆಯುವುದು ಅವನ ಯೋಜನೆ. ಅಷ್ಟು ತಂತಿ ಅವನ ಬಳಿ ಎಲ್ಲಿಂದ ಬರಬೇಕು? ಹಾಗಾಗಿ ಒಂದು ಸಂವಿಧಾನ ಮಾಡಿದ: ಪ್ರತಿ ಮನೆಯವರು ಪಕ್ಕದ ಮನೆಯವರೆಗಿನ ತಂತಿಯನ್ನು ತಾವೇ ತರಬೇಕು, ಎರಡು ತಂತಿಗಳು ಸೇರುವಲ್ಲಿ ಬೆಸುಗೆ ಹಾಕಿ ಗಂಟು ಕಟ್ಟುವುದು ಅವನ ಕೆಲಸ. "ತಂತಿ ನಿಮ್ದು, ಗಂಟ ನಂದು." ಇಷ್ಟೇ ಅದರ ಒಂದನೆಯ ಹಾಗೂ ಕೊನೆಯ ಕಲಮು. ನಮ್ಮ ಮನೆಯಲ್ಲಿ ನನ್ನ ತಾಯಿಯ ಮಡಿಬಟ್ಟೆಯ ಗಳಕ್ಕೆ ತಂತಿ ತಗಲಬಾರದೆಂದು ಒಂದು ಬಿದಿರು ನೆಟ್ಟು, ದೂರದಿಂದ ಸುತ್ತಿಸಿ ಒಯ್ದ. ನಮ್ಮ ತಂತಿಯೂ ಮಡಿಯಲ್ಲಿತ್ತು.

ಒಂದು ಮನೆಯಿಂದ ಇನ್ನೊಂದು ಮನೆಗೆ ಚಿತ್ರ ದಾಟಬೇಕಾದ್ದರಿಂದ, ಒಂದು ಮನೆಯ ಸಿಟ್ಟೂ ಅದೇ ದಾರಿಯಲ್ಲಿ ದಾಟುತ್ತಿತ್ತು. ಅಂಗಡಿಯಿಂದ ಮೂರನೆಯ ಮನೆಯಲ್ಲಿ ಒಬ್ಬ ಅತ್ತೆ, ಒಬ್ಬ ಸೊಸೆ. ಒಂದು ಸಂಜೆ ಅವರಿಬ್ಬರ ನಡುವೆ ಏನೋ ಬಂದು, ಸೊಸೆ ಮಾಳಿಗೆ ಹತ್ತಿ ಗಂಟನ್ನು ಕಿತ್ತೇ ಬಿಟ್ಟಳು. ಮುಂದಿನ ಇಪ್ಪತ್ತು ಮನೆಗಳೂ ಕತ್ತಲಾದವು. ಸಿನಿಮಾದ ನಾಯಕಿ ಬಾವಿಗೆ ಹಾರುವ ಹೊತ್ತದು. ಓಣಿಯೆಲ್ಲ ಬೀದಿಗೆ ಬಂತು.

"ನಮ್ಮ ತಂತಿ, ನಾ ಕಿತ್ತೇನಿ! ಯಾರಪ್ಪನ ಗಂಟ ಹೋತು?" ಸೊಸೆ ಮಾಳಿಗೆಯ ಮೇಲಿಂದಲೇ ಕೂಗಿದಳು.

ಮಿಸ್ತ್ರಿ ಕೆಳಗಿನಿಂದ ಕೈ ಮುಗಿದ. "ನಂದ ಹೋತಬೇ ನಮ್ಮವ್ವ! ತಂತಿ ನಿಂದ ಇರ್ಲಿ, ಗಂಟ ಖರೇನ ನಂದ ಐತಿ!"

ಬೀದಿಯೆಲ್ಲ ನಕ್ಕಿತು. ಸೊಸೆಯೂ ನಕ್ಕಳು. ಅವನು ನಿಚ್ಚಣಿಕೆ ಹತ್ತಿ ರಾಳದ ಹೊಗೆ ಎಬ್ಬಿಸಿದ. ನಾಯಕಿ ಅಷ್ಟರಲ್ಲಿ ಬಾವಿಯಿಂದ ಮೇಲೆ ಬಂದು ಮದುವೆಯಾಗಿದ್ದಳು.

ಅವನ ಕಾಲು ಇಷ್ಟಕ್ಕೆ ಸುಮ್ಮನಾಗಲಿಲ್ಲ. ಆಕಾಶದಿಂದ ಪರದೇಶದ ಟೀವಿಯನ್ನೇ ಇಳಿಸಬಹುದೆಂದು ಎಲ್ಲಿಯೋ ಓದಿದನಂತೆ. ಕೋಳಿಗೂಡಿಗೆ ಹೊಡೆಯುವ ಜಾಳಿಗೆ, ಬಿದಿರಿನ ಸೀಳು, ಮುಂಬಯಿಯಿಂದ ತರಿಸಿದ ಒಂದು ಪೆಟ್ಟಿಗೆ, ಇಷ್ಟರಿಂದ ಮಾಳಿಗೆಯ ಮೇಲೆ ತಿರುವಿ ಹಾಕಿದ ದೊಡ್ಡ ಛತ್ರಿಯೊಂದು ಎದ್ದಿತು. ಅದನ್ನು ಒಂದು ಬೆರಳು ಆಚೆ, ಒಂದು ಬೆರಳು ಈಚೆ ಸರಿಸುತ್ತ ತಿಂಗಳುಗಟ್ಟಲೆ ಬಿಸಿಲಲ್ಲಿ ಕರ್ರಗಾದ. ಕಡೆಗೊಂದು ಸಂಜೆ ಇಪ್ಪತ್ತಮೂರು ಮನೆಗಳಲ್ಲಿ ಒಮ್ಮೆಲೇ ಒಬ್ಬ ರಶಿಯಾದ ಹೆಣ್ಣುಮಗಳು ಪ್ರತ್ಯಕ್ಷಳಾಗಿ, ಏನನ್ನೋ ಬಹಳ ಹೊತ್ತು ಓದಿದಳು. ಹಿಂದೆ ಹಿಮ ಬೀಳುತ್ತಿತ್ತು. ಹಳೆಯ ಜೋಳದ ಹಿಟ್ಟೇ ಮರಳಿ ಬಂತೆಂದು ಕೆಲವರು ದೂರಿದರು.

ಮೂರನೆಯ ಮನೆಯ ಅತ್ತೆ ನೋಡಿ, "ಹಣಿ ಬೋಳ ಐತಿ, ಪಾಪ," ಎಂದು ನಿಟ್ಟುಸಿರಿಟ್ಟಳು. ಮರುದಿನದಿಂದ ಆ ಹೆಣ್ಣುಮಗಳು ಬರುವ ಹೊತ್ತಿಗೆ ತಪ್ಪದೆ ಕೂತಳು, ಸೊಸೆಯನ್ನೂ ಕೂರಿಸಿಕೊಂಡಳು. ಇಬ್ಬರಿಗೂ ಒಂದಕ್ಷರ ತಿಳಿಯದ್ದರಿಂದ ಇಬ್ಬರ ನಡುವೆ ಭಿನ್ನಾಭಿಪ್ರಾಯಕ್ಕೆ ಅವಕಾಶವೇ ಇರಲಿಲ್ಲ. ಸಂಜೆಯ ಆ ಒಂದು ತಾಸು ಮಿಸ್ತ್ರಿಯದು. ಅವನು ಅಂಗಡಿಯ ಬಾಗಿಲಲ್ಲಿ ನಿಂತು, ಪ್ರತಿ ಮನೆಯ ಕಿಟಕಿಯಲ್ಲೂ ಅದೇ ಹಿಮ ಬೀಳುವುದನ್ನು ನೋಡುತ್ತಿದ್ದ.

ಆಮೇಲೆ ಕಂಪನಿ ಬಂತು.

ದೊಡ್ಡ ಊರಿನ ಕಂಪನಿ. ಹಾನಗಲ್ಲು, ಹಿರೇಕೆರೂರು, ಶಿಗ್ಗಾವಿಗಳ ತಂತಿಯನ್ನೆಲ್ಲ ಆಗಲೇ ಕೊಂಡಿತ್ತು, ಉಳಿದದ್ದು ಸವಣೂರು. ಹೊಸ ಸಿನಿಮಾದ ಕ್ಯಾಸೆಟ್‌ಗಳನ್ನು ಹಂಚುವವರೂ ಅವರೇ, ತೋರಿಸುವವರೂ ಅವರೇ. ತಮ್ಮದಲ್ಲದ ತಂತಿಗೆ ಕ್ಯಾಸೆಟ್ ಕೊಡುವುದನ್ನು ನಿಲ್ಲಿಸಿದರು. ಓಣಿಯ ಜನ ಹಳೆಯ ನಾಯಕಿಯನ್ನೇ ಹತ್ತನೆಯ ಸಲ ಬಾವಿಗೆ ಹಾರಿಸಿ ಬೇಸತ್ತರು. "ಮ್ಯಾಲ ಹಳ್ಳಕ್ಕ ಒಡ್ಡ ಹಾಕ್ಯಾರ ಮಾಸ್ತರ, ನಮ್ಮ ಕಾಲಿವಿಗೆ ನೀರೆಲ್ಲಿಂದ ಬರ್ಬೇಕು?" ಎಂದ ಮಿಸ್ತ್ರಿ.

ಕಂಪನಿಯ ಮನುಷ್ಯ ಜೀಪಿನಿಂದಿಳಿದು, "ಈ ತಂತಿ ಮಾಲೀಕ ಯಾರು?" ಎಂದು ಕೇಳಿದಾಗ ಇಪ್ಪತ್ತಮೂರು ಜನ ಕೈ ಎತ್ತಿದರು. ಅವನು ಮಿಸ್ತ್ರಿಯ ಕಡೆ ತಿರುಗಿ, "ಹಂಗಾದ್ರ ನೀವ್ಯಾರು?" ಎಂದ.

"ನಾ ಗಂಟಿನ ಮಾಲೀಕ್ರಿ."

ಕಂಪನಿಯ ಮನುಷ್ಯನಿಗೆ ಇದು ಅರ್ಥವಾಗಲಿಲ್ಲ. ಓಣಿ ಮಾತ್ರ ಹೊಸ ಸಿನಿಮಾಕ್ಕಾಗಿ ತಂತಿ ಕೊಡಲು ಒಪ್ಪಿತು. ಮಿಸ್ತ್ರಿಯೂ ಒಪ್ಪಿದ, ಒಂದು ಕರಾರಿನ ಮೇಲೆ: ಛತ್ರಿ ತನ್ನದಾಗಿಯೇ ಉಳಿಯಬೇಕು, ಸಂಜೆಯ ಒಂದು ತಾಸು ಛತ್ರಿಯ ಚಿತ್ರ ಎಂದಿನಂತೆ ತಂತಿಯಲ್ಲಿ ಹರಿಯಬೇಕು. ಕಂಪನಿಯ ಮನುಷ್ಯ ಬಾಯಿಮಾತಿನಲ್ಲಿ ಹೂಂ ಅಂದ.

ಮಿಸ್ತ್ರಿ ನನ್ನ ಮನೆಗೆ ಬಂದ. "ಕಾಗದ ನೀವ ಬರೀರಿ ಮಾಸ್ತರ. ಅವರ ವಕೀಲ ಬರದ್ರ ಇಂಗ್ಲೀಷಿನ್ಯಾಗ ಬರೀತಾನ, ನನಗ ತಿಳಿಯೂದುಲ್ಲ. ನೀವು ನಮ್ಮ ಭಾಷಾದಾಗ ಬರೀತೀರಿ."

ಇಲ್ಲಿಗೆ ಬಂದಾಗಲೆಲ್ಲ ನಾನು ಎದ್ದು ಓಡಾಡತೊಡಗುತ್ತೇನೆ...

ಆ ದಿನಗಳಲ್ಲಿ ನನಗೆ ಶಾಸನಗಳ ಹುಚ್ಚು. ರಜೆ ಸಿಕ್ಕರೆ ಅಬಲೂರಿಗೆ ಹೋಗಿ ಗುಡಿಯ ಕಲ್ಲುಗಳ ಮುಂದೆ ಮಂಡಿಯೂರಿ ಅಕ್ಷರ ಬಿಡಿಸುತ್ತಿದ್ದೆ. ಕಾಗದ ಬರೆಯಲು ಕೇಳಿದ್ದೂ ನಾನು ಹಾಗೊಮ್ಮೆ ಮರಳಿದ ಮರುದಿನವೇ. ಹತ್ತು ಸಾಲಿನಲ್ಲಿ ಮುಗಿಯುವ ಕೆಲಸಕ್ಕೆ ನಾಲ್ಕು ಹಾಳೆ ಹಿಡಿಯಿತು. ಹಳೆಯ ರಾಜರು ಭೂಮಿ ದಾನ ಕೊಡುವಾಗ ಬರೆಸುತ್ತಿದ್ದಂತೆ, ಸವಣೂರಿನ ಒಂದು ಓಣಿಯ ತಂತಿಯನ್ನು ನಾನು "ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗಸಹಿತವಾಗಿ ಆಚಂದ್ರಾರ್ಕ" ಕಂಪನಿಗೆ ಕೊಡಿಸಿದೆ. ತಂತಿಯಲ್ಲಿ ಜಲವೆಲ್ಲಿ, ಪಾಷಾಣವೆಲ್ಲಿ ಎಂದು ನನಗೆ ಅನ್ನಿಸಲಿಲ್ಲ. ಕೊನೆಗೆ "ಛತ್ರಿ ಮಾತ್ರ ಮಿಸ್ತ್ರಿಯದು" ಎಂದು ಸೇರಿಸಿದೆ. ಸಂಜೆಯ ತಾಸಿನ ಮಾತು ಅಷ್ಟು ಭವ್ಯವಾದ ಗದ್ಯದಲ್ಲಿ ಕೂಡಲಾರದೆಂದು ಕೈಬಿಟ್ಟೆ. ಹೇಗೂ ಕಂಪನಿಯವನು ಹೂಂ ಅಂದಿದ್ದನಲ್ಲ! ಶಾಸನದ ತುದಿಯಲ್ಲಿ ದಾನ ಕಸಿದವನಿಗೆ ಹಾಕುವ ಶಾಪವನ್ನೂ, ಸಭ್ಯತೆಯಲ್ಲ ಎಂದು ಬಿಟ್ಟೆ. ಬರೆಯಬೇಕಾಗಿದ್ದದ್ದು ಅದೊಂದೇ.

ಓಣಿಯ ಕಟ್ಟೆಯ ಮೇಲೆ ನಿಂತು ಓದಿದೆ. ಪುರಾಣ ಕೇಳುವಂತೆ ಜನ ಕೇಳಿದರು. ಮೂರನೆಯ ಮನೆಯ ಅತ್ತೆ ಕೈ ಮುಗಿದಳು. ಮಿಸ್ತ್ರಿಯೊಬ್ಬನೇ ಕಾಲು ಕುಣಿಸುತ್ತ ಕೇಳಿದ: "ಆಗಾಮಿ ಅಂದ್ರೇನ್ರಿ ಮಾಸ್ತರ?"

"ಮುಂದ ಬರೋದು ಅಂತ ಅರ್ಥ. ಶೋಭಾಕ್ಕ ಇರ್ಲಿ ಅಂತ ಹಾಕೇನಿ."

"ಹಂಗಾರ ಇರ್ಲಿ ಬಿಡ್ರಿ. ಲಗ್ನಪತ್ರಿಕಿ ಮ್ಯಾಲ ಅಕ್ಕಿಕಾಳ ಇದ್ದಂಗ," ಎಂದು ನಕ್ಕು ರುಜು ಹಾಕಿದ.

ಮೂರು ತಿಂಗಳು ಎಲ್ಲ ಸರಿಯಿತ್ತು. ನಂತರ ಒಂದು ಸಂಜೆ ಹಿಮ ಬೀಳುವ ಹೊತ್ತಿಗೆ ಸಿನಿಮಾ ಬಂತು. ಕಂಪನಿಯವರು ತಂತಿಯಿಂದ ಛತ್ರಿಯನ್ನು ಬಿಡಿಸಿದ್ದರು. ಮಿಸ್ತ್ರಿ ಜೀಪಿಗೆ ಅಡ್ಡ ನಿಂತ. ಕಂಪನಿಯ ಮನುಷ್ಯ ನನ್ನ ಕಾಗದವನ್ನೇ ಬಿಚ್ಚಿ ತೋರಿಸಿದ.

"ಛತ್ರಿ ನಿಮ್ಮದಲ್ಲ ಅಂತ ಯಾರಂದ್ರು? ಬಿಸಲಾಗ ಹಿಡಕೊಂಡ ಅಡ್ಡಾಡ್ರಿ. ಆದ್ರ ತಂತಿವಳಗ ಇನ್ನ ಮುಂದ ಏನ ಹರದ್ರೂ ನಮ್ದು. ನಿಮ್ಮ ಮಾಸ್ತರ ಬರದಾರ ನೋಡ್ರಿ, ಆಗಾಮಿ. ನಮ್ಮ ವಕೀಲರಿಗೂ ಇಷ್ಟ ಚಂದ ಬರಿಯಾಕ ಬರ್ತಿದ್ದಿಲ್ಲ."

ಮಿಸ್ತ್ರಿ ನೇರವಾಗಿ ನಮ್ಮ ಮನೆಗೆ ಬಂದ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವನು ಪಡಸಾಲೆಯಲ್ಲಿ ಕೂತ. ಅವನು ಕೂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಕಾಲು ಕುಣಿಯುತ್ತಿರಲಿಲ್ಲ.

"ಆ ಶಬ್ದ ಒಂದ ತಗಿಯಾಕ ಬರ್ತೈತೇನ್ರಿ ಮಾಸ್ತರ?"

"ಇಲ್ಲ... ರುಜು ಆಗೇದ."

"ಬೆಸಿಗಿ ಇದ್ರ ಕಾಸಿ ತಗೀತಿದ್ದೆ. ಶಾಯಿ ಹೆಂಗ ಕಾಸೂದು?"

ನಾನು ಪಡಸಾಲೆಯ ತುಂಬ ಓಡಾಡಿದೆ. ಒಂದು ಸುತ್ತಿನಲ್ಲಿ ಥಟ್ಟನೆ ಹೊಳೆಯಿತು. ಕಾಗದದಲ್ಲಿ ಅಷ್ಟಭೋಗಗಳಿದ್ದವು, ಗಂಟು ಇರಲಿಲ್ಲ! ತಂತಿ ಅವರದು, ಗಂಟು ಇನ್ನೂ ಇವನದೇ. "ಬಿಚ್ಚಿಕೊಂಡು ಬರ್ರಿ! ಒಂದೊಂದೂ! ನೋಡೋಣ, ಅವರ ಆಗಾಮಿ ಹೆಂಗ ಆಗಮಿಸ್ತದ!" ಎಂದು ಕುಣಿದೆ. ಅವನ ಕಣ್ಣಲ್ಲಿ ಹಳೆಯ ಬೆಳಕು ಬಂತು. ಇಕ್ಕಳ ತೆಗೆದುಕೊಂಡು ನಿಚ್ಚಣಿಕೆ ಹೊತ್ತು ಹೊರಟ.

ಇನ್ನೂ ಸಂಜೆಯ ಬೆಳಕಿತ್ತು. ನಾನು ನನ್ನ ಟೀವಿಯ ಮುಂದೆ ನಿಂತು, ಚಿತ್ರ ಸಾಯುವುದನ್ನು ಕಾದೆ. ಸಾಯಲಿಲ್ಲ. ಅರ್ಧ ತಾಸಿನಲ್ಲಿ ಅವನು ಮರಳಿದ, ಖಾಲಿ ಕೈಯಲ್ಲಿ.

"ಮೂರನೇ ಮನೀಮಟ ಹೋಗಿದ್ದೆ. ಬೆಳಕಿಂಡ್ಯಾಗಿಂದ ಕಂಡ್ರು. ಅತ್ತಿ ಸೊಸಿ ಒಂದ ಚಾಪಿ ಮ್ಯಾಲ ಕುಂತ ಸಿನಿಮಾ ನೋಡಾಕತ್ತಾರ. ಬಿಚ್ಚಿದ್ರ ನಾಳಿಂದ ಮತ್ತ ಜಗಳ ಚಾಲೂ." ಇಕ್ಕಳವನ್ನು ಜೇಬಿನೊಳಗೆ ಇಳಿಸಿದ. "ಕಟ್ಟಿದಾಂವ ನಾನು. ನಾನ ಹೆಂಗ ಬಿಚ್ಚಲಿ? ಕಂಪನಿದ ಏನ ಹೋಕ್ಕೈತ್ರಿ, ಅವರ ಗಂಟ ಅಲ್ಲ ಅದು. ನನ್ನ ಗಂಟ."

ಆರು ತಿಂಗಳಲ್ಲಿ ಕಂಪನಿ ಕರಿಯ ಹೊಸ ತಂತಿ ಎಳೆದು ಹಳೆಯದನ್ನೆಲ್ಲ ಗಂಟುಸಮೇತ ಗುಜರಿಗೆ ಹಾಕಿತು. ಛತ್ರಿಯ ಜಾಳಿಗೆ ಹತ್ತಿಮತ್ತೂರಿನ ಅವನ ಅಕ್ಕನ ಮನೆಗೆ ಹೋಗಿ, ತನ್ನ ಮೂಲ ಹುದ್ದೆಗೆ ಮರುನೇಮಕಗೊಂಡು, ಕೋಳಿಗಳನ್ನು ಕಾಯಿತು. ನನಗೆ ಹಾನಗಲ್ಲಿಗೆ ವರ್ಗವಾಯಿತು. ಅಲ್ಲಿಯೂ ಅದೇ ತಂತಿ. ನಾಲ್ಕು ತಾಲೂಕುಗಳ ಜನ ಒಂದೇ ಹೊತ್ತಿಗೆ ಒಂದೇ ನಾಯಕಿಗಾಗಿ ಕಣ್ಣೊರೆಸಿಕೊಳ್ಳುತ್ತಿದ್ದರು. ಮಿಸ್ತ್ರಿ ಹೋದ ಸುದ್ದಿ ನನಗೆ ತಲುಪಿದಾಗ ಮಣ್ಣು ಮುಗಿದು ಹದಿನೈದು ದಿನವಾಗಿತ್ತು. ಕ್ಷಮಿಸು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ತಕ್ಕ ಶಬ್ದ ಹುಡುಕುತ್ತಿದ್ದೆ ಅಂತ ಕಾಣುತ್ತದೆ...

ಫೋನು ರಿಪೇರಿಯಾಗಿ ಬಂದಿದೆ. ಅದರಲ್ಲೊಂದು ಪತ್ರ ಬಂದು ಕೂತಿದೆ. ನಮ್ಮ ದೇಶದ ಒಂದು ಟೀವಿ ಕಂಪನಿಯನ್ನೂ ಪರದೇಶದ ಇನ್ನೊಂದನ್ನೂ ಯಾರೋ ಸೇರಿಸಿ ಒಂದು ಮಾಡಿದ್ದಾರಂತೆ. ನಾವು ನೋಡುವ ವಾಹಿನಿಗಳೆಲ್ಲ ಈಗ ಆ ಒಂದರವೇ. ಮುಂದೆಯೂ ನೋಡಬೇಕಾದರೆ ಕೆಳಗಿನ "ಒಪ್ಪುತ್ತೇನೆ" ಎಂಬುದನ್ನು ಒತ್ತಬೇಕು. ಕನ್ನಡಕ ಹಾಕಿ ಪೂರ್ತಿ ಓದಿದೆ. ಹನ್ನೆರಡನೆಯ ಕಲಮಿನಲ್ಲಿತ್ತು: "ಈಗಿರುವ ಹಾಗೂ ಮುಂದೆ ಬರುವ ಎಲ್ಲ ಹಕ್ಕುಗಳು." ಭಾಷೆ ಮಾತ್ರ ನನ್ನಷ್ಟು ಚೆನ್ನಾಗಿಲ್ಲ.

ಮೂರು ದಿನದಿಂದ ನಮ್ಮ ಟೀವಿ ಕತ್ತಲಾಗಿದೆ. ನಾನು ಫೋನು ಹಿಡಿದು ಪಡಸಾಲೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ತಿರುಗುತ್ತಿದ್ದೇನೆ. ಖಾಲಿ ಟೀವಿಯ ಮುಂದೆ ಕೂತ ನನ್ನ ಹೆಂಡತಿಗೆ ಸಾಕಾಗಿ ಹೋಗಿದೆ.

"ಒತ್ತಿಬಿಡ್ರಿ ಅತ್ಲಾಗ," ಎನ್ನುತ್ತಾಳೆ. "ನಿಮ್ಮ ಗಂಟೇನ ಹೋಗ್ತದ?"