ಅತ್ತೆಯ ಪದವಿ ಪತ್ರ

ಎರಡು ಸಲ ಒಗೆದರೂ ಈ ಅಂಗಿಯಿಂದ ನುಸಿಗುಳಿಗೆಯ ವಾಸನೆ ಹೋಗಿಲ್ಲ. ಹೆಂಡತಿ ಅದನ್ನು ಬೇರೆ ಹಗ್ಗಕ್ಕೆ ಒಣಹಾಕಿದ್ದಾಳೆ. ತಪ್ಪು ಅವಳದಲ್ಲ, ಹದಿನೈದು ದಿನ ವಿಶ್ವವಿದ್ಯಾನಿಲಯದ ಹಳೆಯ ದಫ್ತರಗಳ ನಡುವೆ ಕೂತು ಬಂದವನು ನಾನು. ಕುಂದಾಪುರದಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನಿಗೆ ‘ನಿಮ್ಮ ಕರಾವಳಿಯ ಮೊದಲ ಪದವೀಧರೆಯರ ಬಗ್ಗೆ ಸ್ಮರಣ ಸಂಚಿಕೆಗೆ ಒಂದು ಅಧ್ಯಾಯ ಬರೆಯಿರಿ’ ಎಂದರೆ ಸಾಕು, ಕರೆಯದಿದ್ದರೂ ಹೋಗುತ್ತಾನೆ.

ಕಡತಗಳಲ್ಲಿ ತಮಾಷೆಗೇನೂ ಕಡಿಮೆಯಿಲ್ಲ. ಹೊಳೆಗೆ ನೆರೆ ಬಂದಿದೆ, ಹುಡುಗರು ದಾಟಲಾರರು, ಪರೀಕ್ಷೆ ಮುಂದೂಡಿ ಎಂದು ನಮ್ಮ ಕಡೆಯ ಪ್ರಿನ್ಸಿಪಾಲರೊಬ್ಬರು ಬರೆದರೆ, ಘಟ್ಟದ ಮೇಲಿನ ವಿಶ್ವವಿದ್ಯಾನಿಲಯದವರು ‘ಸೇತುವೆಯ ಮೇಲೆ ಬರಲಿ’ ಎಂದು ಉತ್ತರಿಸಿದ್ದರು. ಸೇತುವೆ ಇದ್ದಿದ್ದರೆ ಅವರೇಕೆ ಬರೆಯುತ್ತಿದ್ದರು ಹೇಳಿ! ಹೀಗೆ ನಗುತ್ತ ಇನ್ನೊಂದು ಕಟ್ಟು ಬಿಚ್ಚಿದಾಗ ಅತ್ತೆಯ ಹೆಸರು ಕಂಡಿತು.

ಅತ್ತೆ ಅಂದರೆ ಅಪ್ಪಯ್ಯನ ತಂಗಿ. ಬಿ.ಎ. ಪರೀಕ್ಷೆ ಬರೆದು, ಫಲಿತಾಂಶ ಬರುವ ಮೊದಲೇ ಮದುವೆಯಾಗಿ ಬಿಜೂರಿನಿಂದ ಮುಂಬಯಿಗೆ ಹೋದವಳು. ಅವಳು ಫೇಲಾದಳು ಎಂದು ಕೇಳಿಯೇ ನಾವು ಬೆಳೆದದ್ದು. ಅಲ್ಲಿಯ ಕನ್ನಡ ಶಾಲೆಯವರು ಟೀಚರ್ ಕೆಲಸಕ್ಕೆ ಕರೆದಾಗಲೂ “ಫೇಲಾದೋಳಿಗೆ ಎಂತಕ್ಕೆ ಅದೆಲ್ಲ?” ಎಂದು ಹಿಂದೆ ಸರಿದಳಂತೆ. ನನಗೆ ಕಡಿಮೆ ಅಂಕ ಬಂದಾಗಲೆಲ್ಲ ‘ಅತ್ತೆಯ ತಲೆ’ ಎಂದು ನಗುತ್ತಿದ್ದೆ. ನೆನೆದರೆ ನಾಚಿಕೆಯಾಗುತ್ತದೆ.

ಅದು ಅಂಚೆಯಲ್ಲಿ ಹೋಗಿ ವಾಪಸು ಬಂದ ಪದವಿ ಪತ್ರಗಳ ಕಟ್ಟು. ಲಕೋಟೆಯ ಒಳಗೆ ಬಿ.ಎ., ದ್ವಿತೀಯ ದರ್ಜೆ. ಹೊರಗೆ, ಎಲ್ಲಿ ಕಂಡರೂ ನಾನು ಗುರುತಿಸುವ ಅಕ್ಷರದಲ್ಲಿ: ‘ಮದುವೆಯಾಗಿ ಹೋಗಿದ್ದಾರೆ. ಈ ಪತ್ರ ಬೇಡ.’ ಕೆಳಗೆ ಅಪ್ಪಯ್ಯನ ಸಹಿ.

ಮಾವ ಎಸ್ಸೆಸ್ಸೆಲ್ಸಿ ದಾಟಿರಲಿಲ್ಲ. ಹುಡುಗಿ ಕಾಲೇಜಿಗೆ ಹೋದದ್ದನ್ನು ಬೀಗರು ಹೇಗೋ ಸಹಿಸಿದ್ದರು. ಪಾಸಾದಳೆಂದರೆ ಮೂಗು ಮುರಿದಾರು ಎಂದು ಅಪ್ಪಯ್ಯ ಹೆದರಿರಬೇಕು. ಅವರು ಕೆಟ್ಟವರಲ್ಲ. ತಂಗಿಗೆ ಜ್ವರ ಬಂದರೆ ತಾವು ಊಟ ಬಿಡುತ್ತಿದ್ದವರು. ಅದಕ್ಕೇ ನನಗೆ ಇನ್ನಷ್ಟು ಸಂಕಟವಾಯಿತು.

ದಫ್ತರದವರು ಸಹಿ ಹಾಕಿಸಿಕೊಂಡು ಪತ್ರ, ಲಕೋಟೆ ಎರಡನ್ನೂ ಕೊಟ್ಟರು. ಮುಂಬಯಿ ಬಿಟ್ಟು ಬಂದ ಮೇಲೆ ಅತ್ತೆ ಇರುವುದು ಮರವಂತೆಯಲ್ಲಿ. ನಿನ್ನೆ ಅಲ್ಲಿಗೆ ಹೋದಾಗ ಮೊಮ್ಮಗಳೊಂದಿಗೆ ಹಪ್ಪಳ ಒಣಹಾಕುತ್ತಿದ್ದಳು. ಪದವಿ ಪತ್ರ ಮಾತ್ರ ಕೊಟ್ಟೆ. ಲಕೋಟೆಯನ್ನು ಚೀಲದಲ್ಲೇ ಉಳಿಸಿಕೊಂಡೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಎರಡು ಸಲ ಓದಿದಳು.

“ಇಷ್ಟ್ ವರ್ಷ ಎಲ್ಲಿತ್ತಾ ಇದ್?”

“ಪೋಸ್ಟಿನವ್ರ್ ವಾಪಸ್ ಕಳ್ಸಿದ್ರ್ ಕಾಣತ್, ಅತ್ತೆ.”

“ಸುಳ್ಳ್ ಹೇಳ್ಬೇಡ ಮಗಾ. ನಂಗೆ ಫೇಲ್ ಅಂದೇಳಿ ಕಾಗ್ದ ಬರ್ದದ್ ಪೋಸ್ಟಿನವ್ರಲ್ಲ, ಅಣ್ಣಯ್ಯ.”

ಲಕೋಟೆಯನ್ನೂ ಕೊಟ್ಟೆ. ಅತ್ತೆ ಅಳಲಿಲ್ಲ. ಆ ಸಹಿಯನ್ನು ನೋಡಿ ಲಕೋಟೆಯನ್ನು ನನಗೇ ತಿರುಗಿ ಕೊಟ್ಟಳು.

“ನಿನ್ ಪುಸ್ತಕದಲ್ ನನ್ ಹೆಸ್ರ್ ಹಾಕ್. ಅಣ್ಣಯ್ಯನ್ದೂ ಹಾಕ್. ನಿನ್ ಅಪ್ಪಯ್ಯ ಅಂದೇಳಿ ಬಿಡ್ಬೇಡ.”

ಇತಿಹಾಸ ಸತ್ಯ ಹೇಳಬೇಕು ಎಂದು ತರಗತಿಯಲ್ಲಿ ಮೂವತ್ತು ವರ್ಷ ಮೇಜು ಗುದ್ದಿದವನು ನಾನು. ಆಗೆಲ್ಲ ಅದು ಬೇರೆಯವರ ಅಪ್ಪಂದಿರ ಇತಿಹಾಸವಾಗಿತ್ತು. ಇವತ್ತು ಬೆಳಿಗ್ಗೆ, ಮೂರು ಹಾಳೆ ಹರಿದ ಮೇಲೆ, ಅಧ್ಯಾಯದ ಮೊದಲ ವಾಕ್ಯ ಬರೆದೆ: ‘ಬಿಜೂರಿನ ಮೊದಲ ಪದವೀಧರೆ ನನ್ನ ಅತ್ತೆ, ಅದನ್ನು ಅವಳಿಂದ ಮುಚ್ಚಿಟ್ಟವರು ನನ್ನ ತಂದೆ.’