ಬೆಳ್ಳಕ್ಕಿ ಪುಡಿಯ ಅಮ್ಮ

ನಮ್ಮಕ್ಕನ ಮುಖ ಯಾರಿಗೂ ಗೊತ್ತಿಲ್ಲ. ದನಿ ಗೊತ್ತಿಲ್ಲದವರು ಮಾತ್ರ ಯಾರೂ ಇಲ್ಲ. ನಾನು ಕೆಲಸ ಮಾಡುವ ಔಷಧಿ ಅಂಗಡಿಯ ಕೌಂಟರಿನ ಮೇಲೊಂದು ಟಿವಿ ಇದೆ. ಮಾಲೀಕರು ಅದನ್ನು ಆರಿಸಲು ಬಿಡುವುದಿಲ್ಲ, ಕಾಯುವ ಗಿರಾಕಿಗಳಿಗೆ ಬೇಜಾರಾಗಬಾರದಂತೆ. ನನಗೆ ಬೇಜಾರಾದರೆ ಕೇಳುವವರಿಲ್ಲ, ಆ ಮಾತು ಬಿಡಿ. ದಿನಕ್ಕೆ ಎಷ್ಟು ಸಲವೋ, ಅದರಲ್ಲಿ ಕೆಸರು ಮೆತ್ತಿದ ಯೂನಿಫಾರಂ ತೊಟ್ಟ ಒಂದು ಹುಡುಗಿ ಓಡಿಬಂದು ಬಾಗಿಲಲ್ಲಿ ಹೆದರಿ ನಿಲ್ಲುತ್ತದೆ. ಒಬ್ಬ ಸುಂದರಿ ಬಗ್ಗಿ, ಅದರ ಕೆನ್ನೆ ಸವರಿ, "ಪರವಾಗಿಲ್ಲ ಬಿಡು ಕಂದ, ನಾನಿದ್ದೀನಲ್ಲ!" ಎನ್ನುತ್ತಾಳೆ. ಆಮೇಲೆ ಬೆಳ್ಳಕ್ಕಿ ಸೋಪಿನ ಪುಡಿಯ ಪೊಟ್ಟಣ, ನೊರೆ, ಬಿಸಿಲಲ್ಲಿ ಹಾರಾಡುವ ಬಿಳಿ ಬಟ್ಟೆ. ವರ್ಷ ಕಳೆದಂತೆ ಹುಡುಗಿ ಬದಲಾಗಿದೆ, ಸುಂದರಿಯೂ ಬದಲಾಗಿದ್ದಾಳೆ. ಆ ಮಾತು ಹೇಳುವ ದನಿ ಮಾತ್ರ ಮೊದಲಿನಿಂದ ಮೊನ್ನೆ ಮೊನ್ನೆಯವರೆಗೂ ನಮ್ಮಕ್ಕನದೇ.

ಅದೊಂದು ಮಾತು ಜನರ ಬಾಯಲ್ಲಿ ಏನೇನಾಗಿದೆ ಎಂದು ನೆನೆದರೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಬಸ್ಸು ಕೆಟ್ಟು ನಿಂತರೆ ಕಂಡಕ್ಟರ್ ಹಾಗನ್ನುತ್ತಾನೆ. ಚುನಾವಣೆಗೆ ನಿಂತವನೊಬ್ಬ ಬೀದಿ ತುಂಬ ಕಟ್ಟಿಸಿದ ಬ್ಯಾನರಿನಲ್ಲಿ, ತನ್ನ ಹಲ್ಲು ಕಿಸಿದ ಫೋಟೋದ ಕೆಳಗೆ, ಅದನ್ನೇ ಬರೆಸಿದ್ದ. ಹಲ್ಲಿನ ಡಾಕ್ಟರು ನನ್ನ ದವಡೆಗೆ ಸೂಜಿ ಚುಚ್ಚುವ ಮುಂಚೆ ಅದನ್ನೇ ಅಂದರು. ಬಾಯಿ ತೆರೆದುಕೊಂಡಿದ್ದೆ, ಇಲ್ಲದಿದ್ದರೆ ಸರಿಯಾಗಿ ಝಾಡಿಸುತ್ತಿದ್ದೆ. ಅಕ್ಕ ಹೊರಗೆ ಹೋದರೆ ಹೆಚ್ಚು ಬಾಯಿ ಬಿಡುವುದೇ ಇಲ್ಲ. ಅಂಗಡಿಯಲ್ಲಿ ಯಾರಾದರೂ "ನಿಮ್ಮ ದನಿ ಎಲ್ಲೋ ಕೇಳಿದ ಹಾಗಿದೆಯಲ್ಲಮ್ಮ" ಎಂದರೆ, "ಎಲ್ಲರೂ ಹಾಗೇ ಅಂತಾರೆ" ಎಂದು ಜಾರಿಕೊಳ್ಳುತ್ತಾಳೆ.

ಕೂತು ಮಾತಾಡುವುದು ತಾನೆ, ಅದೇನು ಮಹಾ ಕೆಲಸ ಎಂದು ನಾನೂ ಅಂದುಕೊಂಡಿದ್ದೆ. ಒಮ್ಮೆ ಸ್ಟುಡಿಯೋಗೆ ಹೋಗಿ ನೋಡಿ ಬಾಯಿ ಮುಚ್ಚಿಕೊಂಡೆ. ಸದ್ದು ಹೀರುವ ಗೋಡೆಯ ಸಣ್ಣ ಕೋಣೆ. ಫ್ಯಾನು ಹಾಕುವಂತಿಲ್ಲ, ಅದರ ಸದ್ದು ಮೈಕಿಗೆ ಬೀಳುತ್ತದೆ. ಬಳೆ, ಗಡಿಯಾರ ಎಲ್ಲ ತೆಗೆದಿಡಬೇಕು. ತುಟಿ ಅಂಟಿ ಪಚಪಚ ಎನ್ನಬಾರದೆಂದು ಹುಳಿ ಸೇಬಿನ ಹೋಳು ಕಚ್ಚಬೇಕು. ಎಲ್ಲಕ್ಕಿಂತ ಹೆಚ್ಚಾಗಿ ನಗಬೇಕು. ಕಿವಿಗೆ ನಗು ಕೇಳಿಸುತ್ತದಂತೆ. ಮುಖ ಗಂಟಿಕ್ಕಿಕೊಂಡು ಎಷ್ಟೇ ಮೆತ್ತಗೆ ಮಾತಾಡಿದರೂ ಗಂಟೇ ಕೇಳಿಸುತ್ತದಂತೆ. ಹೀಗಾಗಿ ನಮ್ಮಕ್ಕ ಒಂದು ಕಬ್ಬಿಣದ ಕೋಲಿನ ಮುಂದೆ ಕೂತು, ಎದುರಿಗೆ ಮಗುವೊಂದು ನಿಂತಿದೆ ಅನ್ನುವ ಹಾಗೆ ಕಣ್ಣರಳಿಸಿ ನಗುತ್ತಾಳೆ. ಗಾಜಿನ ಆಚೆ ಯಂತ್ರಗಳ ಮುಂದೆ ಕೂತವನು ತಲೆ ಅಲ್ಲಾಡಿಸುತ್ತಾನೆ. "ಅಕ್ಕಾ, ನಗು ಸಾಲ್ದು. ಇನ್ನೊಂದ್ಸಲ." ಅವಳು ಹೇಳುತ್ತಾಳೆ. "ಚೆನ್ನಾಗಿತ್ತು. ಇನ್ನೊಂದ್ಸಲ." ಚೆನ್ನಾಗಿದ್ದ ಮೇಲೆ ಇನ್ನೊಂದ್ಸಲ ಯಾಕೋ, ನನಗಿನ್ನೂ ಅರ್ಥವಾಗಿಲ್ಲ.

ಭಾವ ತೀರಿಕೊಂಡ ತಿಂಗಳಲ್ಲೇ ಅಕ್ಕ ಹೋಗಿ ನಕ್ಕು ಬಂದಳು. ಮಗಳು ಚಿಕ್ಕವಳು, ಬೇರೆ ದಾರಿ ಇರಲಿಲ್ಲ. ನಾನೂ ಅವಳ ಮನೆಗೇ ಬಂದು ಸೇರಿಕೊಂಡೆ. ಸಂಜೆ ಅವಳು ಬಂದು ಚಪ್ಪಲಿ ಬಿಡುವಾಗ ಮುಖ ನೋಡಬೇಕಿತ್ತು. ನಕ್ಕು ನಕ್ಕು ಕೆನ್ನೆ ನೋಯುತ್ತದೆ ಎಂದು ಎರಡೂ ಕೈಯಲ್ಲಿ ಒತ್ತಿಕೊಳ್ಳುತ್ತಿದ್ದಳು. ಅಂಥ ಹೊತ್ತಿಗೇ ಮಗಳು ಆಟವಾಡಿ ಬಂದು ಬಾಗಿಲಲ್ಲಿ ನಿಲ್ಲಬೇಕೆ? ಯೂನಿಫಾರಂ ತುಂಬ ಕೆಸರು. "ಅಲ್ಲೇ ಬಿಚ್ಚು. ಒಳಗೆ ತರಬೇಡ" ಎನ್ನುತ್ತಿದ್ದಳು ಅಕ್ಕ. ಅಷ್ಟೆ. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಆದರೆ ದನಿ ಬತ್ತಿಹೋಗಿರುತ್ತಿತ್ತು.

ಹುಡುಗಿ ನನ್ನ ಪಕ್ಕ ಮಲಗಿಕೊಂಡು ಒಂದು ದಿನ ಕೇಳಿತು.

"ಚಿಕ್ಕಮ್ಮ, ಟಿವಿಲಿರೋ ಹುಡುಗಿಗೆ ಅಮ್ಮ ಹಾಗೆ ಹೇಳ್ತಾಳಲ್ಲ, ನಂಗ್ಯಾಕೆ ಹೇಳಲ್ಲ?"

"ಅದು ಕೆಲಸ ಕಣೆ ಮರಿ."

"ಹಾಗಾದ್ರೆ ನಾನೇನು?"

ಮಲಗು ಮಲಗು ಎಂದು ತಟ್ಟಿದೆ.

ಮರಿ ನಾಲ್ಕನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಮೆಟ್ಟಿಲಿಂದ ಬಿದ್ದು ಕೈ ಮುರಿದುಕೊಂಡಳು. ಅಕ್ಕ ಸ್ಟುಡಿಯೋದಿಂದ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದಳು, ಕೈಯಲ್ಲಿ ಬಳೆ ಕೂಡ ಇರಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಬಗ್ಗಿ ಮಗಳ ಕೆನ್ನೆ ಸವರಿದಳು. ಬಾಯಿಂದ ಬಂದದ್ದು ಅದೇ. "ಪರವಾಗಿಲ್ಲ ಬಿಡು ಕಂದ, ನಾನಿದ್ದೀನಲ್ಲ!" ಒಂದಕ್ಷರ ಆಚೀಚೆ ಇಲ್ಲ, ಅದೇ ರಾಗ, ಅದೇ ನಗು. ಪ್ಲಾಸ್ಟರ್ ಹಾಕುತ್ತಿದ್ದವನು "ಅರೆ! ಬೆಳ್ಳಕ್ಕಿ!" ಎಂದು ಗೊಳ್ಳನೆ ನಕ್ಕ. ಹುಡುಗಿ ಮುರಿಯದ ಕೈಯಿಂದ ಅಮ್ಮನನ್ನು ತಳ್ಳಿ ಕಿರುಚಿತು. "ಆ ದನಿ ಬೇಡ! ಅದು ಸೋಪಿಂದು! ಸುಳ್ಳು ದನಿ!"

ಅಕ್ಕ ಬೇಕೆಂದು ಹಾಗೆ ಹೇಳಿದ್ದಲ್ಲ. ಹೆದರಿಕೆಯಲ್ಲಿ ನಾಲಿಗೆ ರೂಢಿಯ ದಾರಿ ಹಿಡಿದಿತ್ತು. ಅವಳ ಹತ್ತಿರ ಮುದ್ದಿನ ದನಿ ಇದ್ದದ್ದು ಅದೊಂದೇ, ಅದನ್ನು ಮಾರಿಯಾಗಿತ್ತು. ಅವತ್ತಿನಿಂದ ಮನೆಯಲ್ಲಿ ಮುದ್ದಿನ ಮಾತಿಗೆ ಬೀಗ ಹಾಕಿಬಿಟ್ಟಳು. ಊಟ ಆಯ್ತಾ, ಫೀಸು ಕಟ್ಟಿದೀನಿ, ಕೊಡೆ ತಗೊಂಡ್ಹೋಗು. ಅದರಾಚೆಗೆ ಒಂದು ಮಾತು ಹೆಚ್ಚಿಲ್ಲ. ನಾನು ಜಗಳ ತೆಗೆದು ನೋಡಿದೆ. "ಎಲ್ಲರ ಮಕ್ಕಳಿಗೂ ಅಮ್ಮ ಆಗ್ತೀಯ, ನಿನ್ನ ಮಗಳಿಗೆ ಆಗೋಕೇನು ದಾಡಿ?" ಎಂದು ಕೂಗಾಡಿದೆ. "ನಾನು ಬಾಯಿ ತೆಗೆದ್ರೆ ಅವಳಿಗೆ ಸೋಪು ಕೇಳಿಸುತ್ತೆ ಕಣೆ" ಎಂದಳು.

ಮರಿ ಬೆಳೆದಳು, ಒಂದು ಪೀಠೋಪಕರಣದ ಮಳಿಗೆಯಲ್ಲಿ ಕೆಲಸಕ್ಕೆ ಸೇರಿದಳು, ಜೊತೆಯಲ್ಲಿ ಕೆಲಸ ಮಾಡುವವನನ್ನೇ ಮೆಚ್ಚಿ ಮದುವೆಯಾಗಿ ಊರಿನ ಆ ತುದಿಗೆ ಹೋದಳು. ಆ ಮನೆಯ ಬಾಗಿಲು ದಾಟಲು ಬೆಳ್ಳಕ್ಕಿ ಪೊಟ್ಟಣಕ್ಕೆ ಅಪ್ಪಣೆ ಇರಲಿಲ್ಲ. ಅಳಿಯ ಪಾಪ ತಿಳಿಯದೆ ಒಂದು ಸಲ ತಂದು, ವಾಪಸ್ ಕೊಟ್ಟು ಬಂದಿದ್ದನಂತೆ. ಫೋನು ಬರುತ್ತಿದ್ದದ್ದು ನನಗೆ. ಕೊನೆಯಲ್ಲಿ "ಅಮ್ಮ ಚೆನ್ನಾಗಿದಾಳಾ?" ಎಂದು ಪಕ್ಕದ ಮನೆಯವರನ್ನು ವಿಚಾರಿಸಿದ ಹಾಗೆ ಒಂದು ಮಾತು. ಬಸುರಿಯಾದಾಗಲೂ ಮೊದಲು ಹೇಳಿದ್ದು ನನಗೇ. ನಾನು ಹೋಗಿ ಅಕ್ಕನಿಗೆ ಹೇಳಿದೆ.

ಅದೇ ದಿನಗಳಲ್ಲಿ ಬೆಳ್ಳಕ್ಕಿ ಕಂಪನಿಯವರು ಜಾಹೀರಾತಿನ ಅಮ್ಮನ ಮಾತಿಗೆ ಎಳೆಯ ದನಿಯೊಂದನ್ನು ಹುಡುಕಿದರು. ಅಕ್ಕನ ದನಿಗೆ ವಯಸ್ಸಾಯಿತಂತೆ. ಹೊಸ ಜಾಹೀರಾತಿನಲ್ಲಿ ಒಬ್ಬ ಅಜ್ಜಿ ಇದ್ದಾಳೆ, ಅದನ್ನು ನೀವೇ ಮಾಡಿ ಎಂದರು. ಇವಳು ನೊಂದುಕೊಂಡಾಳು ಎಂದುಕೊಂಡಿದ್ದೆ. ಅವಳೋ, ತಟ್ಟೆ ಮುಂದೆ ಕೂತು, ತನ್ನಷ್ಟಕ್ಕೆ ತಾನೇ ನಗುತ್ತಿದ್ದಾಳೆ! ಮೈಕು ಇಲ್ಲದ ಕಡೆ ಅವಳು ನಕ್ಕದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

"ಅಲ್ಲೂ ಅಜ್ಜಿ ಮಾಡಿದ್ರು, ಇಲ್ಲೂ ಅಜ್ಜಿ ಮಾಡಿದ್ರು ಕಣೆ" ಎಂದಳು. "ಮೊಮ್ಮಗು ಹತ್ರ ಮಾತಾಡ್ತೀನಿ ನೋಡು. ಅದಕ್ಕೆ ಸೋಪು ಯಾವ್ದು ಅಜ್ಜಿ ಯಾವ್ದು ಗೊತ್ತಾಗಲ್ಲ."

ಅಳಿಯನ ಫೋನು ಬಂದಾಗ ನಾನು ಯಾರಿಗೋ ಕೆಮ್ಮಿನ ಔಷಧಿ ಕಟ್ಟುತ್ತಿದ್ದೆ. "ಚಿಕ್ಕಮ್ಮ, ಮಗು ನಿಲ್ಲಲಿಲ್ಲ" ಎಂದ. ಹೊಟ್ಟೆ ಚೆನ್ನಾಗಿ ಕಾಣಿಸಿಕೊಂಡಿದ್ದ ಬಸುರಿ. "ಆಸ್ಪತ್ರೆಯಿಂದ ನಿನ್ನೆನೇ ಬಂದ್ವಿ. ಅಮ್ಮಂಗೆ ಹೇಳ್ಬೇಡ ಅಂದಿದಾಳೆ. ಗೋಡೆ ಕಡೆ ತಿರುಗಿ ಮಲಗಿದಾಳೆ, ಊಟ ಇಲ್ಲ, ಮಾತಿಲ್ಲ, ಅಳೋದೂ ಇಲ್ಲ. ನಂಗೆ ಭಯ ಆಗ್ತಿದೆ. ನೀವಾದ್ರೂ ಬನ್ನಿ."

ನಾನೊಬ್ಬಳೇ ಹೋಗಬಹುದಿತ್ತು. ಮಗಳು ಹಾಗೆ ಮಲಗಿರುವಾಗ ಹೆತ್ತವಳನ್ನು ಬಿಟ್ಟು ಹೋಗುವುದು ಯಾವ ನ್ಯಾಯ? ಅಂಗಡಿಯಲ್ಲಿ ಹೇಳಿ ನೆಟ್ಟಗೆ ಸ್ಟುಡಿಯೋಗೆ ಹೋದೆ. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಉರಿಯುವಾಗ ಬಾಗಿಲು ತೆಗೆಯಬಾರದು. ಬಾಗಿಲಿನ ಸಣ್ಣ ಗಾಜಿನಲ್ಲಿ ಇಣುಕಿದೆ. ಅಕ್ಕ ಮೈಕಿನ ಮುಂದೆ ಕೂತು ಮುಖ ತುಂಬ ನಗುತ್ತಿದ್ದಳು. ಸದ್ದು ಹೊರಗೆ ಬರುವುದಿಲ್ಲ, ಆದರೂ ತುಟಿ ನೋಡಿದರೆ ಗೊತ್ತಾಗುತ್ತಿತ್ತು. ಪರವಾಗಿಲ್ಲ ಬಿಡು ಕಂದ, ಅಜ್ಜಿ ಇದ್ದೀನಲ್ಲ. ಗಾಜಿನ ಆಚೆಯವನು ಇನ್ನೊಂದ್ಸಲ ಎಂದು ಬೆರಳೆತ್ತಿದ. ಅವಳು ಮತ್ತೆ ಹೇಳಿದಳು. ಮತ್ತೆ ಬೆರಳೆತ್ತಿದ, ಪಾಪಿ. ಬಾಗಿಲು ತೆಗೆದಿದ್ದರೆ ಪ್ರಳಯವೇನೂ ಆಗುತ್ತಿರಲಿಲ್ಲ. ಆದರೂ ನಾನು ಗೋಡೆಗೆ ಒರಗಿ ನಿಂತೆ. ಇನ್ನೊಂದು ಸ್ವಲ್ಪ ಹೊತ್ತು ಅವಳು ಅಜ್ಜಿಯಾಗಿರಲಿ ಅನ್ನಿಸಿತು.

ಹೇಳಿದಾಗ ಅವಳು ಕೂಗಲಿಲ್ಲ. ನಗು ಮುಖದ ಮೇಲೆ ಹಾಗೇ ಉಳಿದಿತ್ತು, ತೆಗೆಯುವುದನ್ನು ಮರೆತಿದ್ದಳು. ಎರಡು ಕೈಯ ಬಳೆಯನ್ನೂ ಒಂದೇ ಕೈಗೆ ಹಾಕಿಕೊಂಡು ನನ್ನ ಹಿಂದೆ ಬಂದಳು.

ಟ್ಯಾಕ್ಸಿಯಲ್ಲಿ ಕೂತ ಮೇಲೆ ಪಕ್ಕದಲ್ಲಿ ಏನೋ ಗೊಣಗಾಟ. "ನಾನಿದ್ದೀನಲ್ಲ" ಎನ್ನುತ್ತಾಳೆ ಮೆಲ್ಲಗೆ. ಸ್ವಲ್ಪ ತಡೆದು, ಬೇರೆ ಥರ, "ನಾನಿದ್ದೀನಲ್ಲ." ಆಮೇಲೆ ಇನ್ನೂ ಕೆಳದನಿಯಲ್ಲಿ, ನಗು ಬಿಟ್ಟು. ಡ್ರೈವರ್ ಕನ್ನಡಿಯಲ್ಲಿ ನೋಡಿ ಬಾಯಿ ತೆರೆಯುವುದರಲ್ಲಿದ್ದ. ನಾನು ಕಣ್ಣು ಕೆಂಪಗೆ ಮಾಡಿದೆ, ಮುಂದೆ ನೋಡಿಕೊಂಡು ಓಡಿಸಿದ.

"ಏನೇ ಇದು? ರಿಹರ್ಸಲ್ ಮಾಡ್ತಿದೀಯಾ?" ನನ್ನ ಮೈಯೆಲ್ಲ ಉರಿಯಿತು. "ನಿನ್ನ ಮಗಳು ಕಣೆ ಅವಳು!"

ಅಕ್ಕ ನನ್ನ ಕೈ ಹಿಡಿದುಕೊಂಡಳು. "ಯಾವುದು ನಿಜ ಅನ್ಸುತ್ತೆ ಹೇಳು" ಎಂದಳು. "ನಂಗೇ ಗೊತ್ತಾಗ್ತಿಲ್ಲ ಕಣೆ. ನೀನು ಹೊರಗಿಂದ ಕೇಳ್ತೀಯಲ್ಲ, ಯಾವ್ದು ಅಂತ ಹೇಳು."

ಅಯ್ಯೋ ದೇವರೇ. ಸಿಟ್ಟು ಎಲ್ಲಿ ಹೋಯಿತೋ, ಅಳು ಬಂತು. ಮಗಳನ್ನು ಸಮಾಧಾನ ಮಾಡುವ ದನಿ ಯಾವುದೆಂದು ಹೆತ್ತವಳು ತಂಗಿಯನ್ನು ಕೇಳುತ್ತಿದ್ದಾಳೆ. ನನಗೂ ಗೊತ್ತಿರಲಿಲ್ಲ.

ಮರಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕಿಟಕಿಯ ಪರದೆ ಮುಚ್ಚಿತ್ತು, ಅಳಿಯ ತಂದಿಟ್ಟ ಗಂಜಿ ಕೆನೆಗಟ್ಟಿತ್ತು. ಅಕ್ಕ ಮಂಚದ ಅಂಚಿನಲ್ಲಿ ಕೂತು ಅವಳ ಬೆನ್ನ ಮೇಲೆ ಕೈ ಇಟ್ಟಳು, ಬಾಯಿ ತೆರೆದಳು.

"ಪರವಾಗಿಲ್ಲ ಬಿಡು ಕಂದ..."

ಬಂದದ್ದು ಅದೇ ದನಿ. ದಾರಿಯುದ್ದಕ್ಕೂ ಮಾಡಿದ್ದೆಲ್ಲ ನೀರುಪಾಲು. ಮುಖದಲ್ಲಿ ನಗು ಕೂಡ ತಾನಾಗಿ ಎದ್ದು ಬಂತು. ಮರಿ ತಿರುಗಲಿಲ್ಲ.

"ಹೋಗಮ್ಮ" ಎಂದಳು. "ಸುಸ್ತಾಗಿದೆ."

ಅಕ್ಕ ಎದ್ದಳು. ಎಲ್ಲಿ ಹೋಗಬೇಕು ಎಂದು ತಿಳಿಯದೆ ಬಚ್ಚಲಿಗೆ ಹೋದಳು. ಅಲ್ಲಿ ಬಕೆಟಿನಲ್ಲಿ ಮಗು ಹೋದ ದಿನದ ಹಾಸಿಗೆ ಬಟ್ಟೆ ನೆನೆಯುತ್ತಿತ್ತು. ಅಳಿಯ ನೀರಿಗೆ ಹಾಕಿದ್ದನೇ ಹೊರತು ಮುಟ್ಟುವ ಧೈರ್ಯ ಅವನಿಗೆ ಬಂದಿರಲಿಲ್ಲ. ಸ್ವಲ್ಪ ಹೊತ್ತಿಗೆ ನಲ್ಲಿ ಬಿಟ್ಟ ಸದ್ದು, ಬಟ್ಟೆ ಉಜ್ಜುವ ಸದ್ದು ಕೇಳಿಸಿತು. ನಾನು ಹೋಗಿ ನೋಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲದ ಮೇಲೆ ಕೂತು, ಬಾರ್ ಸೋಪು ಹಚ್ಚಿ ಉಜ್ಜುತ್ತಿದ್ದಳು. ರಕ್ತದ ಕಲೆ ತಿಳಿಯಾಗಿತ್ತು, ಹೋಗಿರಲಿಲ್ಲ. ತೊಳೆದಳು, ಬೆಳಕಿಗೆ ಹಿಡಿದಳು, ಮತ್ತೆ ಉಜ್ಜಿದಳು. ಬಿಡೇ ಎಂದೆ. ಕೇಳಿಸಲೇ ಇಲ್ಲ.

"ಹೋಗ್ತಾನೇ ಇಲ್ವಲ್ಲೇ ಇದು" ಎಂದಳು. ಗಂಟಲು ಒಡೆದಿತ್ತು. "ಎಷ್ಟು ಉಜ್ಜಿದ್ರೂ ಹೋಗ್ತಾ ಇಲ್ಲ. ನನ್ನ ಕೂಸಿಂದು ಕಣೆ ಇದು. ನನ್ನ ಕೈಲಿ ಒಂದು ಕಲೆ ತೆಗೆಯೋಕಾಗ್ತಿಲ್ಲ. ಎಂಥಾ ದರಿದ್ರದ ಕೈ ನಂದು!" ಆಮೇಲೆ ಅಳು. ಮೂಗು ಸೋರಿಕೊಂಡು, ಬಿಕ್ಕಿಕೊಂಡು, ಕರ್ಕಶವಾಗಿ. ಇಷ್ಟು ವರ್ಷ ಜೊತೆಗಿದ್ದ ನಾನೇ ಆ ದನಿ ಕೇಳಿರಲಿಲ್ಲ.

ನನ್ನ ಹಿಂದೆ ಯಾರೋ ನಿಂತ ಹಾಗಾಯಿತು. ಮರಿ, ಗೋಡೆ ಹಿಡಿದುಕೊಂಡು ಬಂದಿದ್ದಳು. ಅಮ್ಮನನ್ನೇ ನೋಡುತ್ತಿದ್ದಳು, ಹೊಸಬರನ್ನು ನೋಡುವ ಹಾಗೆ. ನಾನು ಪಕ್ಕಕ್ಕೆ ಸರಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಿಧಾನ ಕೂತಳು, ಒದ್ದೆ ನೆಲದ ಮೇಲೇ, ಅಮ್ಮನ ಕೈಯಿಂದ ಬಟ್ಟೆ ಬಿಡಿಸಿದಳು.

"ಪರವಾಗಿಲ್ಲ, ಬಿಡಮ್ಮ" ಎಂದಳು.

ಹೇಳಿದ ಮೇಲೆ ಅವಳಿಗೇ ಗೊತ್ತಾಯಿತು ಏನು ಹೇಳಿದೆ ಎಂದು. ನಲ್ಲಿ ಹರಿಯುತ್ತಲೇ ಇತ್ತು. ಅಕ್ಕ ಮೊಣಕೈಯಲ್ಲಿ ಮೂಗು ಒರೆಸಿಕೊಂಡಳು. ಸೋಪು ಮೆತ್ತಿದ ಕೈಯನ್ನು ಮಗಳ ತಲೆಯ ಮೇಲೆ ಇಡಲೋ ಬೇಡವೋ ಎಂದು ತಡೆದು, ಇಟ್ಟಳು.

"ನಾನಿದ್ದೀನಲ್ಲ" ಎಂದಳು.

ಒಡಕು ದನಿ, ಅರ್ಧ ಮಾತು ಗಂಟಲಲ್ಲೇ ಸಿಕ್ಕಿಕೊಂಡಿತು. ನಗುವಿನ ಸುಳಿವೂ ಇರಲಿಲ್ಲ. ಗಾಜಿನ ಆಚೆಯವನು ಕೇಳಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದ. ಮರಿ ಅಮ್ಮನ ಒದ್ದೆ ಮಡಿಲಲ್ಲಿ ಮುಖ ಹುದುಗಿಸಿದಳು. ಮಗು ಹೋದಾಗಿನಿಂದ ಹೆಪ್ಪುಗಟ್ಟಿದ್ದ ಅಳು ಆಗ ಹೊರಗೆ ಬಂತು. ಅಳುತ್ತಲೇ ಕೇಳಿದಳು.

"ಇನ್ನೊಂದ್ಸಲ ಹೇಳಮ್ಮ."

ಅಕ್ಕ ಹೇಳಿದಳು.